ಪುಕ್ಕಟೆ ಶರತ್ಕಾಲದ ಖರ್ಚುವೆಚ್ಚ

ಮಹಾಲಯ ಅಮಾವಾಸ್ಯೆ ಕಳೆಯುವುದೇ ತಡ, ಮೊಬೈಲಿನೊಳಗಿನ ಹಿತೈಷಿಗಳು ಎಚ್ಚೆತ್ತುಕೊಳ್ಳುತ್ತಾರೆ. ಕಡಿಮೆ ಖರ್ಚಿನಲ್ಲಿ ಶರತ್ಕಾಲವನ್ನು ಸವಿಯುವುದು ಹೇಗೆ ಎಂದು ಅವರೇ ಕೇಳಿ, ಉತ್ತರವನ್ನೂ ಅವರೇ ಕೊಡುತ್ತಾರೆ. ಉದುರಿದ ಎಲೆಗಳ ಮೇಲೆ ನಡೆಯಿರಿ. ಉಣ್ಣೆ ಶಾಲು ಹೊದ್ದು ಕಿಟಕಿ ಪಕ್ಕ ಪುಸ್ತಕ ಓದಿ. ಬಿಸಿ ಬಿಸಿ ಕುಂಬಳಕಾಯಿ ಸೂಪ್ ಕುಡಿಯಿರಿ. ಹೇಳುವವರು ಇರುವುದು ಬೆಂಗಳೂರಿನಲ್ಲಿ. ಹೇಳಿಕೊಟ್ಟವರು ಇರುವುದು ಮೇಪಲ್ ಮರಗಳ ದೇಶದಲ್ಲಿ. ನಮ್ಮ ಮರಗಳು ಎಲೆ ಉದುರಿಸುವ ಮನಸ್ಸು ಮಾಡಲು ಸಂಕ್ರಾಂತಿ ಕಳೆಯಬೇಕು. ಅಕ್ಟೋಬರಿನಲ್ಲಿ ಬೆಂಗಳೂರಿಗೆ ಉದುರುವುದು ಮಳೆ. ಮಳೆಯ ಹಿಂದೆ ಕೊಂಬೆ, ಕೊಂಬೆಯ ಹಿಂದೆ ಕರೆಂಟು ತಂತಿ. ಇವುಗಳ ಮೇಲೆ ನಡೆಯುವುದು ಆರೋಗ್ಯಕ್ಕೆ ಅಷ್ಟು ಒಳ್ಳೆಯದಲ್ಲ. ಹೀಗಾಗಿ ಕೆಂಪು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಎಲೆಯ ಹಾರವನ್ನು ಆನ್‌ಲೈನಿನಲ್ಲಿ ತರಿಸಿ ಬಾಲ್ಕನಿಗೆ ಕಟ್ಟಬೇಕಾಗುತ್ತದೆ. ಉಳಿತಾಯದ ಮೊದಲ ಬಿಲ್ಲು ಅಲ್ಲಿಗೆ ಬಂತು.

ಶರದೃತು ತಾನಾಗಿಯೇ ಬಿಟ್ಟಿ ಕೊಡುವುದು ಬೇಕಾದಷ್ಟಿದೆ. ಅದೇ ತೊಂದರೆ. ಬೆಳಗಿನ ಜಾವ ಪಾರಿಜಾತ ಉದುರಿ ಬಿದ್ದಿರುತ್ತದೆ. ನೆಲಕ್ಕೆ ಬಿದ್ದ ಮೇಲೂ ದೇವರಿಗೆ ಏರಿಸಬಹುದಾದ ಹೂವು ಅದು. ಗಿಡ ಹತ್ತಬೇಕಿಲ್ಲ, ಮಾಲಿಯ ಕಣ್ಣು ತಪ್ಪಿಸಬೇಕಿಲ್ಲ, ಬಗ್ಗಿದರೆ ಸಾಕು. ಆಕಾಶಮಲ್ಲಿಗೆಯಂತೂ ಫುಟ್‌ಪಾತಿನ ಉದ್ದಕ್ಕೂ ಬಿಳಿ ಚಾಪೆ ಹಾಸುತ್ತದೆ. ಆದರೆ ಟಿಕೆಟ್ಟಿಲ್ಲದ್ದನ್ನು ನೋಡುವುದು ನಮ್ಮ ಘನತೆಗೆ ಸರಿಹೋಗುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಅದೇ ಆಕಾಶಮಲ್ಲಿಗೆ ‘ಕಸ’ ಎಂಬ ಶೀರ್ಷಿಕೆಯಡಿ ಚರ್ಚೆಗೆ ಬರುತ್ತದೆ. ಕಾರಿನ ಮೇಲೆ ಬೀಳುತ್ತದೆ, ವೈಪರಿಗೆ ಸಿಕ್ಕಿಕೊಳ್ಳುತ್ತದೆ, ಕಡಿಸಿ. ಠರಾವು ಪಾಸಾದ ಹಾಲಿನಲ್ಲಿ ಗೋಡೆಗೆ ಸಿಕ್ಕಿಸಿದ ಡಬ್ಬಿಯೊಂದು ನಿಮಿಷಕ್ಕೊಮ್ಮೆ ‘ಪುಸ್ಸ್’ ಎಂದು ಮಲ್ಲಿಗೆಯ ವಾಸನೆ ಉಗುಳುತ್ತಿರುತ್ತದೆ.

ಬಡ ಮಧ್ಯಮ ವರ್ಗದ ಅಗ್ಗದ ಪ್ರವಾಸವೆಂದರೆ ಮೈಸೂರು ದಸರಾ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಅತ್ತೆ, ಸೊಸೆ, ನಾದಿನಿ ಒಂದೇ ಕೆಂಪು ಬಸ್ಸು ಹತ್ತಿ, ಬುತ್ತಿ ಬಿಚ್ಚಿ, ಸಂಜೆ ಅರಮನೆ ದೀಪ ನೋಡಿಕೊಂಡು ಬರುತ್ತಾರೆ. ಇದನ್ನು ಕಂಡು ‘ಬಿಟ್ಟಿ ಭಾಗ್ಯದಿಂದ ರಾಜ್ಯ ಹಾಳಾಯಿತು’ ಎಂದು ನಿಟ್ಟುಸಿರು ಬಿಡುವ ಯಜಮಾನರು ಕಾರು ತೆಗೆಯುತ್ತಾರೆ. ಎಕ್ಸ್‌ಪ್ರೆಸ್‌ವೇಯಲ್ಲಿ ಟೋಲು ಕಟ್ಟಿ, ‘ಒಂದೂವರೆ ಗಂಟೆಗೆ ತಲುಪಿದೆ ಗೊತ್ತಾ’ ಎಂದು ಹೇಳಿಕೊಳ್ಳಲು ಮೈಸೂರಿನೊಳಗೆ ಪಾರ್ಕಿಂಗ್ ಹುಡುಕುತ್ತ ಇನ್ನೊಂದೂವರೆ ಗಂಟೆ ಕಳೆಯುತ್ತಾರೆ. ನಿಜಕ್ಕೂ ಕಡಿಮೆ ಖರ್ಚಿನವನು ಬೈಕಿನವನು. ಅವನಿಗೆ 2023ರ ಆಗಸ್ಟ್ 1ರಿಂದ ಆ ಮುಖ್ಯ ದಾರಿಗೇ ಪ್ರವೇಶವಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರುಗಳ ಜೊತೆ ಹಳ್ಳಿಗಾಡಿನ ಸೊಬಗು ಸವಿಯುತ್ತ ಬರಬೇಕು. ಅಗ್ಗದ ಪ್ರವಾಸ ನಿಧಾನವಾಗಿರಬೇಕೆಂಬುದು ಸರ್ಕಾರದ ಕಾಳಜಿಯೂ ಇರಬಹುದು.

ಜಂಬೂ ಸವಾರಿಯಲ್ಲಿ ಮಾತ್ರ ಸಮಾನತೆ ಇದೆ: ಆನೆ ಎಲ್ಲರಿಗೂ ಒಂದೇ. ಕುರ್ಚಿ ಬೇರೆ ಬೇರೆ. 2024ರಲ್ಲಿ ಗೋಲ್ಡ್ ಕಾರ್ಡಿಗೆ 6,500 ರೂಪಾಯಿ ಇತ್ತು. ಕಾರ್ಡಿಲ್ಲದವರು ಬೆಳಿಗ್ಗೆಯೇ ಬಂದು ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಟವೆಲು ಹಾಸಿ, ಚಿತ್ರಾನ್ನದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಹುಡುಗರು ಮರ, ಕಟ್ಟಡ, ಬೋರ್ಡು, ಹತ್ತಲು ಸಿಕ್ಕಿದ್ದನ್ನೆಲ್ಲ ಹತ್ತುತ್ತಾರೆ. ಕೊನೆಗೂ ಆನೆ ಬಂದಾಗ ಪಕ್ಕದವರು ಮಗುವನ್ನು ಹೆಗಲಿಗೇರಿಸಿಕೊಂಡು ‘ಕಾಣ್ತಾ ಕಂದಾ, ಕಾಣ್ತಾ?’ ಎಂದು ಕೂಗುತ್ತಾರೆ. ಕುರ್ಚಿಯ ಮೇಲಿನ ಗೋಲ್ಡ್ ಕಾರ್ಡಿನವರು ಅದೇ ಆನೆಯನ್ನು ಮೊಬೈಲಿನ ಪರದೆಯಲ್ಲಿ ನೋಡುತ್ತಾರೆ. 750 ಕೆ.ಜಿ. ಅಂಬಾರಿಯನ್ನು ಬನ್ನಿಮಂಟಪದವರೆಗೂ ಹೊರುವ ಆನೆಗೆ ಮಾತ್ರ ಕಾರ್ಡಿಲ್ಲದೆ ಪ್ರವೇಶ.

ಮಕ್ಕಳಿಗೆ ರಜೆ ಇರುವುದರಿಂದ ಅವರ ಅಗ್ಗದ ಮನರಂಜನೆಯ ಪ್ರಶ್ನೆ ಬರುತ್ತದೆ. ಹಳೆಯ ಮೈಸೂರು ಬೆಂಗಳೂರುಗಳಲ್ಲಿ ಇದಕ್ಕೊಂದು ಉಪಾಯವಿತ್ತು. ಸಂಜೆಯಾದರೆ ಓಣಿಯ ಮಕ್ಕಳೆಲ್ಲ ಒಂದೊಂದು ಡಬ್ಬಿ ಹಿಡಿದು ಮನೆ ಮನೆ ಬಾಗಿಲಲ್ಲಿ ನಿಂತು ‘ರೀ, ಗೊಂಬೆ ಕೂರ್ಸಿದ್ದೀರಾ?’ ಎಂದು ಕೇಳುವುದು. ಕೂರಿಸಿದ್ದರೆ ಪಟ್ಟದ ಗೊಂಬೆ ನೋಡಿ, ಒಂದು ಹಾಡು ಹೇಳಿ, ಉಸಲಿ ಚಕ್ಕುಲಿ ಡಬ್ಬಿಗೆ ಹಾಕಿಸಿಕೊಳ್ಳುವುದು. ಅಪ್ಪ ಅಮ್ಮಂದಿರಿಗೆ ಸಂಜೆ ತಿಂಡಿಯ ಖರ್ಚೂ ಉಳಿಯಿತು. ಈಗ ಹಾಗೆ ಗೊತ್ತಿಲ್ಲದವರ ಬಾಗಿಲು ತಟ್ಟುವುದು ಅಸಹ್ಯ. ವಾಟ್ಸ್‌ಆ್ಯಪಿನಲ್ಲಿ ಸಮಯ ನಿಗದಿಯಾಗಬೇಕು, ಗೊಂಬೆಗೊಂದು ಥೀಮು ಬೇಕು, ಬಂದವರಿಗೆ ರಿಟರ್ನ್ ಗಿಫ್ಟು ಬೇಕು. ಉಸಲಿಯನ್ನು ಯಾರೂ ತಿನ್ನುವುದಿಲ್ಲ, ಫೋಟೋದಲ್ಲಿ ಇರಲಿ ಎಂದು ಮಾಡುತ್ತಾರೆ. ಅದೇ ಮಕ್ಕಳು ಅಕ್ಟೋಬರ್ 31ರ ಸಂಜೆ ಬಾಡಿಗೆಗೆ ತಂದ ಕಪ್ಪು ನಿಲುವಂಗಿ ತೊಟ್ಟು, ಪ್ಲಾಸ್ಟಿಕ್ ಕುಂಬಳಕಾಯಿ ಹಿಡಿದು, ಅದೇ ಗೊತ್ತಿಲ್ಲದವರ ಬಾಗಿಲು ತಟ್ಟಿ ಚಾಕೊಲೇಟು ಬೇಡುತ್ತಾರೆ. ಅಮ್ಮಂದಿರು ಹಿಂದೆ ನಿಂತು ವಿಡಿಯೊ ಮಾಡುತ್ತಾರೆ. ಇದು ವ್ಯಕ್ತಿತ್ವ ವಿಕಸನ.

ಕುಂಬಳಕಾಯಿಯ ವಿಷಯದಲ್ಲಿ ನಾವು ಮೇಪಲ್ ದೇಶದವರಿಗಿಂತ ಮುಂದಿದ್ದೇವೆ ಎನ್ನಲೇಬೇಕು. ಅವರು ಕೆತ್ತಿ ಒಳಗೆ ದೀಪವಿಟ್ಟು ದೆವ್ವದ ಆಟವಾಡುತ್ತಾರೆ. ನಾವು ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆದು, ಹಿಂದೆ ಬರುವ ಸ್ಕೂಟರಿನವನನ್ನು ನಿಜವಾದ ದೆವ್ವ ಮಾಡಲು ನೋಡುತ್ತೇವೆ. ನಮ್ಮ ಗಾಡಿಯ ದೃಷ್ಟಿ ಹೋಯಿತು. ಅವನ ಮೊಣಕಾಲು ಅವನ ಯೋಗ. ಪೊರಕೆ ಹಿಡಿದು ಬಳಿಯುವ ಪೌರಕಾರ್ಮಿಕ ಹೆಂಗಸಿಗೆ ಮರುದಿನ ವಿಜಯದಶಮಿಯ ಶುಭಾಶಯ ಹೇಳುವುದಕ್ಕೂ ಖರ್ಚಿಲ್ಲ. ಆದರೂ ಯಾರೂ ಹೇಳಿದ್ದು ಕೇಳಿಲ್ಲ. ಚೆಂಡುಹೂವಿನದ್ದು ಇನ್ನೊಂದು ಬಗೆಯ ಅಗ್ಗ. ಹಬ್ಬದ ಹಿಂದಿನ ದಿನ ಮಾರಿಗೆ ಇಷ್ಟೇಕೆ ಎಂದು ಜಗಳವಾಡಿ ಕೊಂಡವರು, ಹಬ್ಬ ಮುಗಿದು ದರ ಬಿದ್ದಾಗ ಬೆಳೆದವನು ಮೂಟೆಗಟ್ಟಲೆ ರಸ್ತೆ ಬದಿಗೆ ಸುರಿದುಹೋದ ಹೂರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಳದಿ ಹಿನ್ನೆಲೆ ಚೆನ್ನಾಗಿ ಬರುತ್ತದೆ. ಇದಕ್ಕಿಂತ ಕಡಿಮೆ ಖರ್ಚಿನ ಶರತ್ಕಾಲದ ಚಿತ್ರ ಇನ್ನೊಂದಿಲ್ಲ.

ಉತ್ತರ ಕರ್ನಾಟಕದವರು ಮಾತ್ರ ಈ ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿದ್ದಾರೆ. ವಿಜಯದಶಮಿಯಂದು ಬನ್ನಿ ಎಲೆಯನ್ನು ಕೈಗಿಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ’ ಎಂದರೆ ಮುಗಿಯಿತು, ಬಂಗಾರ ಕೊಟ್ಟಂತೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಎಲೆ ಹಿಡಿದು ಬಾಗಿಲಿಗೆ ಬರುತ್ತಾರೆ, ಹಿರಿಯರ ಕಾಲಿಗೆ ಬೀಳುತ್ತಾರೆ. ಮೇಕಿಂಗ್ ಚಾರ್ಜ್ ಇಲ್ಲ, ವೇಸ್ಟೇಜ್ ಇಲ್ಲ, ಜಿಎಸ್‌ಟಿ ಇಲ್ಲ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ಮೇಲಂತೂ ಈ ಎಲೆಯ ಆರ್ಥಿಕ ತಜ್ಞತೆಗೆ ಕೈಮುಗಿಯಬೇಕು. ಚಿನ್ನದಂಗಡಿಯವರು ಇದನ್ನು ಸಹಿಸುತ್ತಾರೆಯೇ? ಪತ್ರಿಕೆಯ ಮುಖಪುಟವಿಡೀ ಜಾಹೀರಾತು: ದಸರೆಗೆ ಬಂಗಾರ ಕೊಳ್ಳುವುದು ನಮ್ಮ ಪರಂಪರೆ.

ಮಲೆನಾಡಿನ ರೈತರದ್ದು ಭೂಮಿ ಹುಣ್ಣಿಮೆ. ತೆನೆ ಕಟ್ಟುತ್ತಿರುವ ಗದ್ದೆ ಬಸುರಿ ಎಂದು ತಿಳಿದು, ರಾತ್ರಿಯೆಲ್ಲ ಅಡುಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು ಹೋಗಿ, ಭೂಮಿಗೆ ಉಣಿಸಿ, ಅಲ್ಲೇ ಬದುವಿನ ಮೇಲೆ ಕೂತು ತಾವೂ ಉಣ್ಣುತ್ತಾರೆ. ಬಯಲಲ್ಲಿ ಊಟ ಮಾಡುವ ಇದೇ ಸುಖ ಈಗ ನಗರದವರಿಗೂ ಸಿಗುತ್ತದೆ: ಎರಡು ರಾತ್ರಿ ಮೂರು ಹಗಲು, ‘ಗ್ರಾಮೀಣ ಅನುಭವ’ ಸೇರಿ, ತೆರಿಗೆ ಪ್ರತ್ಯೇಕ. ಬಾಳೆ ಎಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂರಲು ಬಾರದವರಿಗೆ ಕುರ್ಚಿ ಹಾಕಿಕೊಡುತ್ತಾರೆ. ನೀರಿನ ಸುಖ ಬೇಕೆಂದರೆ ಮಲೆನಾಡಿಗೆ ಹೋಗುವ ಅಗತ್ಯವೂ ಇಲ್ಲ. 2024ರ ಅಕ್ಟೋಬರಿನಲ್ಲಿ ಯಲಹಂಕದ ವಸತಿ ಸಮುಚ್ಚಯವೊಂದರ ನಿವಾಸಿಗಳನ್ನು ಮನೆಬಾಗಿಲಿನಿಂದಲೇ ದೋಣಿಗೆ ಹತ್ತಿಸಲಾಯಿತು. ಟಿಕೆಟ್ ಇರಲಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಪ್ರವೇಶ ಉಚಿತ, ಬಸವಣ್ಣನ ದರ್ಶನ ಉಚಿತ, ನೂಕಾಟ ಉಚಿತ. ಮಗುವಿಗೆ ಪೀಪಿ, ಬಲೂನು, ಜಯಂಟ್ ವೀಲು, ಬೊಂಬಾಯಿ ಮಿಠಾಯಿ ಕೊಡಿಸಿದರೆ ಖರ್ಚಿಲ್ಲದ ಸಂಜೆ ಮುಗಿಯುತ್ತದೆ. ಆದರೆ ಮಿತವ್ಯಯದ ನಿಜವಾದ ಪಂಡಿತರನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ದೊಡ್ಡ ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ಬಂದ ಸ್ವಾಮಿಗಳು ರಾಶಿಯ ಮುಂದೆ ನಿಲ್ಲುತ್ತಾರೆ. ಎರಡು ದಿನದಿಂದ ಅಲ್ಲೇ ಟಾರ್ಪಾಲಿನ ಕೆಳಗೆ ಮಲಗಿದ್ದ ಹೆಂಗಸು ಸೇರು ತುಂಬಲು ಬಗ್ಗುತ್ತಾಳೆ.

‘ಎಷ್ಟಮ್ಮಾ ಸೇರಿಗೆ?’

‘ಮೊದ್ಲು ತಿಂದ್ ನೋಡಿ ಸ್ವಾಮಿ, ರುಚಿ ನೋಡೋಕೆ ಕಾಸಿಲ್ಲ.’

ಸ್ವಾಮಿಗಳು ಒಂದು ಹಿಡಿ ತೆಗೆದುಕೊಳ್ಳುತ್ತಾರೆ. ಇನ್ನೊಂದು ಹಿಡಿ ಮಗನ ಜೇಬಿಗೆ. ನಿಧಾನವಾಗಿ ಬಿಡಿಸಿ, ಸಿಪ್ಪೆಯನ್ನು ಅವಳ ರಾಶಿಯ ಪಕ್ಕಕ್ಕೇ ಹಾಕಿ, ಅಗಿದು, ಕಣ್ಣು ಮುಚ್ಚಿ ಯೋಚಿಸುತ್ತಾರೆ.

‘ಯಾಕೋ ಸ್ವಲ್ಪ ಹಸಿ ಅನ್ನಿಸ್ತಿದೆ ಕಣಮ್ಮಾ’ ಎಂದು ಮುಂದಿನ ರಾಶಿಗೆ ನಡೆಯುತ್ತಾರೆ. ರಾಮಕೃಷ್ಣ ಆಶ್ರಮದ ಸರ್ಕಲ್ ಮುಟ್ಟುವವರೆಗೂ ಎರಡೂ ಬದಿಯಲ್ಲಿ ರಾಶಿಗಳೇ.