ನೀಲಿ ಟಿಕ್ಕಿನ ಸಂಸಾರ

ವಿಜಯನಗರದ ನಮ್ಮ ಮನೆ ಇಪ್ಪತ್ತು-ಮೂವತ್ತರ ಸೈಟಿನದು. ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಹಾಲಿನಲ್ಲಿ ಕೂತ ನನಗೆ ಸೀನು ಬರುತ್ತದೆ. ಆದರೂ ಕರಿಬೇವು ಮುಗಿದಿದೆ ಎಂಬ ಸುದ್ದಿ ನನಗೆ ತಲುಪುವುದು ವಾಟ್ಸಾಪಿನಲ್ಲಿ. ಅದೂ ಫ್ಯಾಮಿಲಿ ಗ್ರೂಪಿನಲ್ಲಿ. ಬಸವೇಶ್ವರನಗರದ ಷಡ್ಡಕರು, ಕೆಂಗೇರಿ ಉಪನಗರದ ಚಿಕ್ಕಮ್ಮ ಸಾಕ್ಷಿಗಿರಲಿ ಅಂತ.

ಈ ಪಾಡಿಗೂ ಒಂದು ಶಾಸ್ತ್ರವಿದೆ. ಮುಖಾಮುಖಿ ಮಾತೇ ಎಲ್ಲಕ್ಕಿಂತ ಸಮೃದ್ಧ ಮಾಧ್ಯಮ ಅಂತ 1986ರಲ್ಲೇ ಡಾಫ್ಟ್ ಮತ್ತು ಲೆಂಗೆಲ್ ಎಂಬಿಬ್ಬರು ವಿದ್ವಾಂಸರು ವಾದಿಸಿದ್ದರು. ನಿಜವೇ. ಎದುರಿಗಿದ್ದರೆ ಹೆಂಡತಿಯ ಹುಬ್ಬು ಎಷ್ಟು ಏರಿದೆ ನೋಡಿಕೊಂಡು ಮಾತಾಡಬಹುದು. ಈಗ ಬರುವುದು ಬರೀ ಒಂದು ಹೆಬ್ಬೆಟ್ಟು. ಅದು ಒಪ್ಪಿಗೆಯೋ, ಉಪವಾಸದ ಮುನ್ಸೂಚನೆಯೋ, ತಟ್ಟೆ ಇಡುವವರೆಗೂ ತಿಳಿಯದು.

ನಗುಮುಖದ ಚಿಹ್ನೆ ಹುಟ್ಟಿದ್ದೂ ಇಂಥದ್ದೇ ಎಡವಟ್ಟಿನಿಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಕಂಪ್ಯೂಟರಿನಲ್ಲಿ ಬರೆದ ತಮಾಷೆಯನ್ನು ಕೆಲವರು ನಿಜವೆಂದೇ ನಂಬಿಬಿಟ್ಟರು. ತಮಾಷೆಗೊಂದು ಗುರುತಿರಲಿ ಅಂತ ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ 1982ರ ಸೆಪ್ಟೆಂಬರ್ 19ರಂದು ಕೋಲನ್, ಅಡ್ಡಗೆರೆ, ಕಂಸ ಜೋಡಿಸಿ ನಗುಮುಖ ಸೂಚಿಸಿದರು. ನಾನೂ ಷಡ್ಡಕರ ಹೊಸ ಕಾರಿನ ಫೋಟೊ ಕೆಳಗೆ, “ಕಾರೇನೋ ಸರಿ, ನಿಲ್ಲಿಸೋದೆಲ್ಲಿ?” ಅಂತ ಬರೆದು ನಗುಮುಖ ಅಂಟಿಸಿದ್ದೆ. ಅವರಿಗೆ ಕಂಡದ್ದು ನನ್ನ ಹೊಟ್ಟೆಕಿಚ್ಚು ಮಾತ್ರ. ಯುಗಾದಿಗೆ ಒಬ್ಬಟ್ಟೂ ಬರಲಿಲ್ಲ. ಫಾಲ್‌ಮನ್ ಸಾಹೇಬರಿಗೆ ಷಡ್ಡಕರಿರಲಿಲ್ಲವೇನೋ.

ಪರದೆಯ ಹಿಂದೆ ಕೂತವನು ಯೋಚಿಸಿ, ಅಳಿಸಿ, ತಿದ್ದಿ ಬರೆಯುವುದರಿಂದ ಎದುರಿಗಿರುವುದಕ್ಕಿಂತ ಒಳ್ಳೆಯವನಾಗಿ ಕಾಣಬಲ್ಲ ಎಂದು ಸಂವಹನ ಸಂಶೋಧಕ ಜೋಸೆಫ್ ವಾಲ್ಥರ್ 1996ರಲ್ಲಿ ಬರೆದರು. ನನ್ನನ್ನು ನೋಡಿಯೇ ಬರೆದಂತಿದೆ. ಮದುವೆ ವಾರ್ಷಿಕೋತ್ಸವಕ್ಕೆ ನಾನು ಗ್ರೂಪಿನಲ್ಲಿ ಬರೆದ ನಾಲ್ಕು ಸಾಲು ಓದಿ ಚಿಕ್ಕಮ್ಮ ಕಣ್ಣೀರು ಹಾಕಿದರಂತೆ. ಹೆಂಡತಿ ಮಾತ್ರ ಅಡುಗೆಮನೆಯಿಂದ ಕೂಗಿದಳು: “ರೀ, ಆ ಗ್ರೂಪಲ್ಲಿರೋರು ಮನೆಗೆ ಯಾವಾಗ ಬರ್ತಾರೆ?”

“ನೋಡ್ಲೇ ಇಲ್ಲ ಕಣೇ” ಎಂಬುದು ಗಂಡುಕುಲದ ಪಾರಂಪರಿಕ ಅಸ್ತ್ರ. 2014ರಲ್ಲಿ ವಾಟ್ಸಾಪಿಗೆ, ಓದಿದ್ದನ್ನು ಸಾರುವ ನೀಲಿ ಟಿಕ್ ಬಂದು ಅದೂ ಹೋಯಿತು. ಸೆಟ್ಟಿಂಗ್ಸಿಗೆ ಹೋಗಿ ಟಿಕ್ ಆಫ್ ಮಾಡಿ ಬೀಗಿದೆ. “ಆರೂ ನಲವತ್ತಕ್ಕೆ ಓದಿದೀರಲ್ಲ!” ಎಂದು ಹೆಂಡತಿ ಫೋನನ್ನೇ ಮೂಗಿನ ಮುಂದೆ ಹಿಡಿದಳು. ಗ್ರೂಪಿನಲ್ಲಿ ಆ ಸ್ವಿಚ್ಚು ನಡೆಯುವುದಿಲ್ಲ. ಮೆಸೇಜು ಕಳಿಸಿದವರು ಅದನ್ನು ಒತ್ತಿಹಿಡಿದು ಮಾಹಿತಿ ನೋಡಿದರೆ ಯಾರು ಎಷ್ಟು ಗಂಟೆಗೆ ಓದಿದರೆಂಬ ಜಾತಕವೇ ಸಿಗುತ್ತದೆ. ಆದ್ದರಿಂದ ಗಂಡಂದಿರೇ, ಮೊದಲು ಚಪ್ಪಲಿ ಮೆಟ್ಟಿಕೊಳ್ಳಿ, ಆಮೇಲೆ ಮೆಸೇಜು ತೆರೆಯಿರಿ.