ಮೂರು ಲೈನಿನ ನೆಟ್ಟಣ್ಣ

ಅರಸೀಕೆರೆಯಿಂದ ಹಾಸನದ ಕಡೆ ಹೊರಟರೆ ಸಿಗುವ ಹಾರನಹಳ್ಳಿಯಂಥ ಊರುಗಳಲ್ಲೆಲ್ಲ ಇವನೊಬ್ಬ ಇದ್ದೇ ಇರುತ್ತಾನೆ. ರಸ್ತೆ ಬದಿಗೆ ಆನ್‌ಲೈನ್ ಸೆಂಟರು, ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್, ಮೂರು ಇಂಟರ್‌ನೆಟ್ ಕನೆಕ್ಷನ್ನು. ಊರಿಗೆಲ್ಲ ನೆಟ್ಟಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಪಹಣಿ, ಜಾತಿ-ಆದಾಯ, ಬೆಳೆ ವಿಮೆ ಎಂದು ಯಾರೇ ಬಂದರೂ ನೆಟ್ಟಣ್ಣ ಮೊದಲು ತೋರಿಸುವುದು ಗೋಡೆಯನ್ನು. ಅಲ್ಲಿ ಮೂರು ಡಬ್ಬಿ ಮಿಣುಕುತ್ತಿರುತ್ತವೆ. ಒಂದು ಸರ್ಕಾರಿ ಲೈನು, ಒಂದು ಕೇಬಲ್‌ನವರದು, ಇನ್ನೊಂದು ಖಾಸಗಿ ಕಂಪನಿಯದು. "100, 50, 40. ಒಟ್ಟು 190 ಎಂಬಿಪಿಎಸ್. ತಾಲ್ಲೂಕಾಫೀಸಲ್ಲೂ ಇಷ್ಟು ಇಲ್ಲ" ಎನ್ನುತ್ತಾನೆ. ಲೆಕ್ಕ ಸರಿ. ಆದರೆ ಒಂದು ಫೈಲು ಇಳಿಯುವಾಗ ಯಾವುದೋ ಒಂದೇ ಲೈನು ಹಿಡಿದು ಇಳಿಯುತ್ತದೆ. ಮಿಕ್ಕ ಎರಡು ನೋಡುತ್ತಿರುತ್ತವೆ.

ಹಾರನಹಳ್ಳಿಯ ಚೆನ್ನಕೇಶವ ದೇವಸ್ಥಾನವನ್ನೂ ಅವನು ಸಾಕ್ಷಿಗೆ ಕರೆಯುತ್ತಾನೆ. 1235ರ ಸುಮಾರಿನ ಹೊಯ್ಸಳರ ತ್ರಿಕೂಟ, ಮೂರು ಗರ್ಭಗುಡಿ. "ನೋಡಿ ಸಾರ್, ಒಂದನ್ನೇ ನಂಬ್ಕೊಂಡು ಕೂರೋ ಪದ್ಧತಿ ನಮ್ಮೂರಲ್ಲಿ ಆವಾಗ್ಲೂ ಇರ್ಲಿಲ್ಲ." ಅಲ್ಲೂ ಶಿಖರ ಇರುವುದು ಮೂರರಲ್ಲಿ ಒಂದಕ್ಕೇ ಎಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ.

ಮೂರನ್ನೂ ಒಂದೇ ರೂಟರಿಗೆ ಸಿಕ್ಕಿಸಿ, ಕೆಲಸವನ್ನು ಸಮನಾಗಿ ಹಂಚುವ 'ಲೋಡ್ ಬ್ಯಾಲೆನ್ಸ್' ಹಾಕಿದ್ದೂ ಉಂಟು. ಬ್ಯಾಂಕಿನ ಸೈಟಿಗೆ ಒಂದು ಲೈನಿನಲ್ಲಿ ಒಳಹೊಕ್ಕ ಗಿರಾಕಿ, ಒಟಿಪಿ ಹೊಡೆಯುವ ಹೊತ್ತಿಗೆ ಇನ್ನೊಂದು ಲೈನಿನಲ್ಲಿದ್ದ. ವಿಳಾಸ ಬದಲಾದದ್ದು ಕಂಡು ಸೈಟು ಗಾಬರಿಯಾಗಿ ಹೊರಗೆ ದಬ್ಬಿತು. ಮತ್ತೆ ಒಟಿಪಿ, ಮತ್ತೆ ಹೊರಗೆ. ಅಂದಿನಿಂದ 'ಫೇಲೋವರ್': ಒಂದು ದುಡಿಯುತ್ತದೆ, ಎರಡು ಕಾಯುತ್ತವೆ, ಬಿಲ್ಲು ಮೂರಕ್ಕೂ ಬರುತ್ತದೆ.

ಅದರಲ್ಲೂ ಒಂದು ತೊಡಕಿತ್ತು. ಡಬ್ಬಿಯಲ್ಲಿ ಹಸಿರು ದೀಪ ಇದ್ದರೆ ಸಾಕು, ಲೈನು ಚೆನ್ನಾಗಿದೆ ಎಂದೇ ರೂಟರಿನ ನಂಬಿಕೆ. ಡಬ್ಬಿಯಿಂದಾಚೆ ನೆಟ್ ಸತ್ತಿದ್ದರೂ ಅದಕ್ಕೆ ತಿಳಿಯದು. ಹಾಗಾಗಿ ಹೊರಗಿನ 8.8.8.8 ಎಂಬ ವಿಳಾಸವನ್ನು ಸದಾ ಮಾತಾಡಿಸುತ್ತಿರಲು ಅದಕ್ಕೆ ಕಲಿಸಿದ್ದಾನೆ. ಉತ್ತರ ಬಾರದಿದ್ದರೆ ಮುಂದಿನ ಲೈನಿಗೆ ಹಾರಬೇಕು. ಇವನ ಪರದೆಯ ಮೂಲೆಯ ಕಪ್ಪು ಕಿಟಕಿಯಲ್ಲೂ ದಿನವಿಡೀ ಅದೇ ಪಿಂಗ್ ಓಡುತ್ತಿರುತ್ತದೆ. ಗಿರಾಕಿ ಜೊತೆ ಮಾತಾಡುವಾಗಲೂ ಕಣ್ಣು ಅಲ್ಲೇ.

ಮೂರೂ ಲೈನು ನೆಟ್ಟಗಿರುವ ದಿನ ಸರ್ವರ್ ಡೌನ್ ಆಗಿರುತ್ತದೆ. ಆಗ ನೆಟ್ಟಣ್ಣನ ಮುಖ ಅರಳುತ್ತದೆ. "ತಪ್ಪು ನಮ್ದಲ್ಲ, ಮೇಲ್ಗಡೆದು" ಎಂದು ಎಲ್ಲರಿಗೂ ಟೀ ತರಿಸುತ್ತಾನೆ.

2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಎಂದಾಗ ತೆಂಗಿನ ಸೀಮೆಯವರೆಲ್ಲ ನೋಂದಣಿಗೆ ಎದ್ದರು. ಅದಕ್ಕೆ ರೈತರ ಗುರುತಿನ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕೆಂದು ಇಂಥ ಅಂಗಡಿಗಳ ಮುಂದೆ ಸಾಲು. ಅಂಥ ಹೊತ್ತಲ್ಲೇ ರಸ್ತೆಯಲ್ಲಿ ತೆಂಗಿನ ಗರಿ ಹೇರಿದ ಟ್ರಾಕ್ಟರ್ ಹೋಗುತ್ತದೆ, ಗೋಡೆಯ ಮೇಲೆ ಮೂರು ಕೆಂಪು ದೀಪ ಒಟ್ಟಿಗೆ ಹತ್ತುತ್ತವೆ. ಸಾಲಿನಲ್ಲಿದ್ದ ಅಜ್ಜಿ ಹೊರಗೆ ಹೋಗಿ, ಕತ್ತೆತ್ತಿ ನೋಡಿ ಬರುತ್ತಾಳೆ.

"ಅಲ್ಲ ಕಣಪ್ಪ, ಮೂರೂ ಆ ಒಂದೇ ಕಂಬದ ಮೇಲೇ ಬಂದವಲ್ಲೋ!"

"ಕಂಪನಿ ಬೇರೆ ಬೇರೆ ಕಣಜ್ಜಿ."

"ಕಂಬ?"

ನೆಟ್ಟಣ್ಣನಿಗೆ ಯಾವ ಎಂಜಿನಿಯರೂ ಕೇಳದಿದ್ದ ಪ್ರಶ್ನೆ ಇದು. ಆದರೆ ಸೋಲೊಪ್ಪುವ ಜಾತಿಯಲ್ಲ ಅವನು. ಸ್ವಲ್ಪ ದಿನಕ್ಕೆ ತಾರಸಿ ಮೇಲೆ ನಾಲ್ಕನೆಯದು ಬಂದು ಕೂರುತ್ತದೆ. ಟವರಿನಿಂದ ಗಾಳಿಯಲ್ಲೇ ನೆಟ್ ಹಿಡಿಯುವ ಬಿಳಿ ಡಬ್ಬಿ. "ಇದಕ್ಕೆ ವೈರೂ ಬೇಡ, ಕಂಬಾನೂ ಬೇಡ" ಎಂದು ಅಜ್ಜಿಯನ್ನು ಕರೆದು ತೋರಿಸುತ್ತಾನೆ.

ಬೇಕಾದ್ದು ಕರೆಂಟು ಮಾತ್ರ. ಅದು ಬರುವುದು ಅದೇ ಕಂಬದಿಂದ.