ಯಾರ ಮುಂದೂ ಹೇಳಬ್ಯಾಡ್ರಿ, ತೂಕ ಇಳಸಾಕತ್ತೀನಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೈಲಹೊಂಗಲ, ಕಿತ್ತೂರು ಸೀಮೆಯ ಚಹಾದಂಗಡಿಗಳಲ್ಲಿ ಕಾಟಾದ್ದೇ ಮಾತು. ಹೊಲದಲ್ಲಿ ಕಣ್ಣಳತೆಗೆ ಇಪ್ಪತ್ತು ಟನ್ ಇದ್ದ ಕಬ್ಬು ಕಾಟಾದ ಮೇಲೆ ಹತ್ತೊಂಬತ್ತಾಗಿದ್ದು ಹೇಗೆ ಎಂಬ ಲೆಕ್ಕ ರಾತ್ರಿ ಮಲಗುವವರೆಗೂ ಮುಗಿಯುವುದಿಲ್ಲ. ಅದೇ ರೈತ ಬಿಪಿ ತೋರಿಸಲು ದವಾಖಾನೆಗೆ ಹೋಗಿ ಅಲ್ಲಿನ ತೂಕದ ಯಂತ್ರದ ಮೇಲೆ ನಿಂತಾಗ ಮಾತ್ರ ಅನುಮಾನ ಉಲ್ಟಾ ಹೊಡೆಯುತ್ತದೆ. ‘ನಿಮ್ಮ ಕಾಟಾ ಸ್ವಲ್ಪ ಹೆಚ್ಚಿಗಿ ತೋರಸ್ತೈತ್ರಿ ಡಾಕ್ಟ್ರ’ ಎನ್ನುತ್ತಾನೆ. ಚಪ್ಪಲಿ ಬಿಡುತ್ತಾನೆ, ಪಟಗಾ ತೆಗೆಯುತ್ತಾನೆ, ಕಿಸೆಯ ಮೊಬೈಲು, ಎಲೆಅಡಿಕೆ ಚೀಲ ಎಲ್ಲವನ್ನೂ ಮೇಜಿನ ಮೇಲಿಡುತ್ತಾನೆ. ಮುಳ್ಳು ಮಾತ್ರ ಕದಲುವುದಿಲ್ಲ.

ಮೈ ಬೆಳೆದ ಸುದ್ದಿ ಇಷ್ಟು ತಡವಾಗಿ ತಿಳಿಯಲು ಧೋತರವೂ ಒಂದು ಕಾರಣ. ಪ್ಯಾಂಟಾದರೆ ಗುಂಡಿ ಹಾರಿಸಿ ಎಚ್ಚರಿಸುತ್ತದೆ, ಬೆಲ್ಟಿನ ತೂತುಗಳು ವರ್ಷವರ್ಷದ ಲೆಕ್ಕ ಇಟ್ಟಿರುತ್ತವೆ. ಧೋತರ ಮತ್ತು ಇಳಕಲ್ ಸೀರೆ ದೊಡ್ಡ ಮನಸ್ಸಿನವು. ಬಂದದ್ದನ್ನೆಲ್ಲ ಒಳಗೆ ಹಾಕಿಕೊಂಡು ಚಕಾರ ಎತ್ತುವುದಿಲ್ಲ. ಹೀಗಾಗಿ ಅಳತೆಯ ಟೇಪು ಹಿಡಿಯದೆ ಗತಿಯಿಲ್ಲ: ನಮ್ಮ ದೇಶದವರ ಮಟ್ಟಿಗೆ ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಅಪಾಯದ ಗೆರೆ ದಾಟಿದಂತೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐನಲ್ಲಿ ಯುರೋಪಿನವರಿಗೆ 25ರವರೆಗೆ ಮಾಫಿ ಇದೆ. ಭಾರತೀಯರ ಕೊಬ್ಬು ಬೇರೆಲ್ಲಾ ಬಿಟ್ಟು ಮೊದಲು ಹೊಟ್ಟೆಯಲ್ಲೇ ಠಿಕಾಣಿ ಹೂಡುವುದರಿಂದ ಇಲ್ಲಿನ ವೈದ್ಯರು 2009ರಲ್ಲಿ ಆ ಗೆರೆಯನ್ನು 23ಕ್ಕೆ ಇಳಿಸಿದರು. ಹಳೆಯ, ಉದಾರವಾದ ಗೆರೆಯನ್ನೇ ಹಿಡಿದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ. 30ರಷ್ಟು ಜನ ಅದನ್ನು ದಾಟಿದ್ದರು. ಗಂಡು-ಹೆಣ್ಣೆಂಬ ಭೇದ ಈ ಒಂದು ವಿಷಯದಲ್ಲಿ ಬಹುತೇಕ ಅಳಿದುಹೋಗಿದೆ.

‘ನಾವು ಜ್ವಾಳದ ರೊಟ್ಟಿ ತಿನ್ನೂ ಮಂದಿ, ನಮಗ್ಯಾಕ ಬೊಜ್ಜು ಬರತೈತಿ?’ ಎಂಬುದು ಈ ಸೀಮೆಯ ಖಾಯಂ ವಾದ. ಅದರಲ್ಲಿ ಅರ್ಧ ನಿಜವಿದೆ. ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳದಲ್ಲಿ ನಾರಿನಂಶ ಚೆನ್ನಾಗಿದೆ, ರೊಟ್ಟಿ ಬೇಯಿಸಲು ಹನಿ ಎಣ್ಣೆಯೂ ಬೇಡ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಬೆಂಗಳೂರಿನ ಮಾಲುಗಳಲ್ಲಿ ಜೋಳದ ಹಿಟ್ಟಿಗೆ ಬಂಗಾರದ ಮರ್ಯಾದೆ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲಿ 330ರಿಂದ 350 ಕ್ಯಾಲೊರಿ ಇರುತ್ತದೆ. ಗೋಧಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ರೊಟ್ಟಿ ನಿರಪರಾಧಿ, ಅದರ ಸಹವಾಸ ಸರಿಯಿಲ್ಲ. ಪಕ್ಕದಲ್ಲಿ ಎಣ್ಣೆಯಲ್ಲಿ ತೇಲುವ ಬದನೆಕಾಯಿ, ಶೇಂಗಾ ಹಿಂಡಿ, ಹಿಂಡಿಯ ಮೇಲೆ ಮತ್ತಷ್ಟು ಎಣ್ಣೆ, ಕೆನೆಮೊಸರು, ಬೆಣ್ಣೆಯ ಮುದ್ದೆ. ಶೇಂಗಾದಲ್ಲಿ 100 ಗ್ರಾಮಿಗೆ ಐದುನೂರಕ್ಕೂ ಮೇಲೆ ಕ್ಯಾಲೊರಿ, ಊಟದ ಚಮಚೆ ಎಣ್ಣೆಯಲ್ಲಿ 120. ಇದನ್ನೆಲ್ಲ ಉಂಡೂ ಅಜ್ಜ ಸಣಕಲಾಗಿಯೇ ಇದ್ದನಲ್ಲ ಎಂದರೆ, ಅಜ್ಜ ದಿನವಿಡೀ ಎತ್ತಿನ ಹಿಂದೆ ಗಳೆ ಹೊಡೆಯುತ್ತಿದ್ದ. ಗಳೆ ಹೋಗಿ ಟ್ರ್ಯಾಕ್ಟರ್ ಬಂತು. ರೊಟ್ಟಿಯ ಎಣಿಕೆ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು.

ಉಪವಾಸ ಮಾಡಬಹುದಲ್ಲ ಎನ್ನುವವರು ಏಕಾದಶಿಯ ದಿನ ಇಲ್ಲಿನ ಅಡುಗೆಮನೆಗೊಮ್ಮೆ ಬರಬೇಕು. ಸಾಬೂದಾಣಿ ಖಿಚಡಿ, ಅದಕ್ಕೆ ಶೇಂಗಾಪುಡಿ ಮತ್ತು ತುಪ್ಪ, ಆಮೇಲೆ ಶೇಂಗಾ ಉಂಡಿ, ಬಾಳೆಹಣ್ಣು, ಖರ್ಜೂರ, ಹಾಲು. ವಾರದ ಉಳಿದ ದಿನ ಹಗುರಾಗಿ ಉಣ್ಣುವವರಿಗೂ ಉಪವಾಸದ ದಿನ ಮಧ್ಯಾಹ್ನ ನಿದ್ದೆ ತಡೆಯಲಾಗುವುದಿಲ್ಲ.

ಹಾಗೆಂದು ಕಠಿಣ ವ್ರತಸ್ಥರು ಇಲ್ಲವೆಂದಲ್ಲ. ಮಗಳ ಮದುವೆ ಗೊತ್ತಾಯಿತೆಂದು ತಿಂಗಳುಗಟ್ಟಲೆ ಬರೀ ಸೌತೆಕಾಯಿ ತಿಂದು ಎಂಟು ಕಿಲೊ ಇಳಿಸುವವರಿದ್ದಾರೆ. ಅವರ ಮುಂದಿನ ಕಥೆ ತಿಳಿಯಲು ಕಿತ್ತೂರಿನ ಇತಿಹಾಸವೇ ಸಾಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ದಂಡು ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಕಂಪನಿ ಸರ್ಕಾರವನ್ನು ಮಣ್ಣುಮುಕ್ಕಿಸಿತು. ಇಂದಿಗೂ ಕಿತ್ತೂರು ಉತ್ಸವ ನಡೆಯುವುದು ಆ ದಿನದ ಹೆಮ್ಮೆಗೇ. ಡಿಸೆಂಬರ್ ಹೊತ್ತಿಗೆ ಕಂಪನಿ ಮೊದಲಿಗಿಂತ ದೊಡ್ಡ ದಂಡು ಕಟ್ಟಿಕೊಂಡು ಮರಳಿ ಬಂತು. ತೂಕದ್ದೂ ಅದೇ ಕಂಪನಿ ಬುದ್ಧಿ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ಟಿ.ವಿ. ಪಂದ್ಯದಲ್ಲಿ ಭಾರೀ ತೂಕ ಇಳಿಸಿದ 14 ಜನರನ್ನು ಆರು ವರ್ಷಗಳ ನಂತರ ಕೆವಿನ್ ಹಾಲ್ ಎಂಬ ವಿಜ್ಞಾನಿಯ ತಂಡ ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿತು. ಕಳೆದುಕೊಂಡದ್ದರಲ್ಲಿ ಬಹುಪಾಲು ವಾಪಸು ಬಂದಿತ್ತು. ಅದಕ್ಕಿಂತ ಕೆಟ್ಟ ಸುದ್ದಿಯೆಂದರೆ, ಸುಮ್ಮನೆ ಕೂತಾಗ ಅವರ ದೇಹ ಸುಡಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ದೇಹ ಬರಗಾಲ ಬಂತೆಂದು ತಿಳಿದು ಕಣಜದ ಬಾಗಿಲು ಹಾಕಿಕೊಂಡಿತ್ತು, ಸುಗ್ಗಿ ಬಂದರೂ ತೆರೆಯಲೇ ಇಲ್ಲ.

ಹಾಗಾದರೆ ನಿಧಾನವಾಗಿ ಇಳಿಸಿದರಾಯಿತು ಎಂದು ಹಿರಿಯರು ತಲೆದೂಗುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ವಾರಕ್ಕೆ ಅರ್ಧ ಕಿಲೊ ಸಾಕೆನ್ನುತ್ತದೆ. ಆದರೆ ಇಲ್ಲೂ ಒಂದು ತಕರಾರಿದೆ. ಮೆಲ್ಬರ್ನಿನಲ್ಲಿ 200 ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ 12 ವಾರ, ಇನ್ನೊಂದಕ್ಕೆ 36 ವಾರ ಕೊಟ್ಟು ತೂಕ ಇಳಿಸಿದರು. ಇಳಿಸಿದವರನ್ನು ಮುಂದೆ ಸುಮಾರು ಮೂರು ವರ್ಷ ಗಮನಿಸಿದರೆ, ಎರಡೂ ಗುಂಪಿನವರು ಇಳಿದದ್ದರಲ್ಲಿ ಶೇ. 71ರಷ್ಟನ್ನು ಮತ್ತೆ ಹೊತ್ತುಕೊಂಡಿದ್ದರು. 2014ರ ಈ ವರದಿ ಓದಿದ ಮೇಲೆ ಆಮೆ-ಮೊಲದ ಕಥೆಯಲ್ಲಿ ಗೆದ್ದವರಾರು ಎಂದು ಹೇಳುವುದು ಕಷ್ಟ. ಇಳಿದ ವೇಗಕ್ಕಿಂತ, ಇಳಿದ ಮೇಲೆ ಮನೆಯಲ್ಲಿ ಏನು ಉಳಿಯಿತು ಎಂಬುದೇ ಮುಖ್ಯವಾಗಿರಬೇಕು. ಕಿತ್ತೂರು ನಾಡಿನಲ್ಲಿ ಮನೆಯಲ್ಲಿ ಏನು ಉಳಿಯಬೇಕೆಂಬುದನ್ನು ತೂಕ ಇಳಿಸುವವರು ಒಬ್ಬರೇ ತೀರ್ಮಾನಿಸುವುದಿಲ್ಲ. ಬೀಗರು, ನೆರೆಹೊರೆ, ಹಬ್ಬ, ಜಾತ್ರೆ ಎಲ್ಲಕ್ಕೂ ಒಂದೊಂದು ಮತವಿದೆ.

ಅದಕ್ಕೇ ಇಲ್ಲಿ ಮೊದಲ ನಿಯಮ ಬಾಯಿ ಬಿಡದಿರುವುದು. ಈ ಸೀಮೆಯ ಯಾವ ಊರಿಗೆ ಹೋದರೂ ಸಿಗಬಹುದಾದ ಒಬ್ಬರನ್ನು ಕಲ್ಪಿಸಿಕೊಂಡು ಮಾಸ್ತರರು ಎನ್ನೋಣ: ರಿಟಾಯರ್ ಆಗಿದ್ದಾರೆ, ಸೊಂಟ ಮೂರಂಕಿ ಮುಟ್ಟಿದೆ. ‘ಡಯಟ್ ಹಿಡದೀನಿ’ ಎಂದು ಕಟ್ಟೆಯ ಮೇಲೆ ಒಮ್ಮೆ ಹೇಳಿದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ‘ಯಾಕ್ರೀ ಸರ, ಶುಗರ ಬಂತೇನ?’ ‘ಮನ್ಯಾಗ ಅಕ್ಕಾರು ಅಡಿಗಿ ಮಾಡಾಂಗಿಲ್ಲೇನ?’ ಎರಡು ಕಿಲೊ ಇಳಿದು ಕೆನ್ನೆ ತುಸು ಒಳಗೆ ಹೋದರೆ, ದೂರದ ಊರಿನ ಅಕ್ಕ ಬಸ್ಸು ಹತ್ತಿ ಬಂದು ಅಳುತ್ತಾಳೆ. ಇಲ್ಲಿ ತೆಳ್ಳಗಾಗುವುದೆಂದರೆ ಬೇನೆ ಬೀಳುವುದು, ಇಲ್ಲವೇ ಸಾಲ ಮಾಡಿಕೊಳ್ಳುವುದು. ಮೂರನೆಯ ಕಾರಣವನ್ನು ಯಾರೂ ನಂಬುವುದಿಲ್ಲ.

ತೂಕ ಇಳಿಸಿದ್ದನ್ನು ಜಗತ್ತಿಗೆ ಸಾರುವ ಚಾಳಿ ಹಚ್ಚಿದವನು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ಕಸುಬು. ಬಗ್ಗಿ ಬೂಟಿನ ಲಾಡಿ ಕಟ್ಟಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವಷ್ಟು ದಪ್ಪಗಾಗಿದ್ದ. ವೈದ್ಯರ ಮಾತು ಕೇಳಿ ಸಕ್ಕರೆ, ಬ್ರೆಡ್ಡು, ಬಿಯರು, ಆಲೂಗಡ್ಡೆ ಬಿಟ್ಟು ವರ್ಷದಲ್ಲಿ 21 ಕಿಲೊದಷ್ಟು ಇಳಿದು, 1863ರಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿ ಹಂಚಿದ. ಅವನು ರಾಮದುರ್ಗದಲ್ಲಿ ಹುಟ್ಟಿದ್ದರೆ ಪುಸ್ತಿಕೆಯ ಮೊದಲ ಪ್ರತಿ ಕೈ ಸೇರುವ ಮುನ್ನವೇ ಓಣಿಯವರೆಲ್ಲ ಸೇರಿ ಅವನಿಗೆ ಕರಿಗಡಬು ತಿನ್ನಿಸಿ ಮೊದಲಿನಂತೆ ಮಾಡುತ್ತಿದ್ದರು.

ಮಾಸ್ತರರು ಬುದ್ಧಿವಂತರಾದರೆ ಶುರು ಮಾಡಬೇಕಾದ್ದು ಚಹಾದಿಂದ. ‘ಬರ್ರಿ, ಚಾ ಕುಡಿಯೋಣು’ ಎಂದವರಿಗೆ ಒಲ್ಲೆ ಎನ್ನುವುದು ಇಲ್ಲಿ ಜಗಳಕ್ಕೆ ಕರೆದಂತೆ. ಹೀಗಾಗಿ ಚಹಾ ಬಿಡುವ ಪ್ರಶ್ನೆಯೇ ಇಲ್ಲ. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚೆ ಎಂದರೆ 60 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು. ಎರಡು ಚಮಚೆ ಒಂದಾದರೆ ದಿನಕ್ಕೆ 120 ಕ್ಯಾಲೊರಿ ಉಳಿತಾಯ. ಅದೇ ಕೆವಿನ್ ಹಾಲ್ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕದಂತೆ, ದಿನದ ಊಟದಲ್ಲಿ 24 ಕ್ಯಾಲೊರಿ ಖಾಯಮ್ಮಾಗಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೊ ಇಳಿಯುತ್ತದೆ. ಅದರಲ್ಲಿ ಅರ್ಧ ಇಳಿಯಲು ಒಂದು ವರ್ಷ ಬೇಕು, ಬಹುತೇಕ ಪೂರ್ತಿ ಇಳಿಯಲು ಮೂರು ವರ್ಷ. ಅಂದರೆ ಮಾಸ್ತರರ ಚಹಾದಿಂದ ಐದು ಕಿಲೊ, ಮೊದಲ ವರ್ಷಕ್ಕೆ ಎರಡೂವರೆ. ಇಷ್ಟು ಮೆಲ್ಲಗೆ ಇಳಿದರೆ ದೂರದ ಅಕ್ಕನಿಗೂ ಗೊತ್ತಾಗುವುದಿಲ್ಲ. ಅಡುಗೆಮನೆಯ ಎಣ್ಣೆಯದೂ ಇದೇ ದಾರಿ: ಡಬ್ಬಿಯಿಂದ ನೇರ ಸುರಿಯುವುದು ಬಿಟ್ಟು ಚಮಚೆಯಲ್ಲಿ ಹಾಕಿದರಾಯಿತು. ಊಟಕ್ಕೆ ಮುಂಚೆ ಮೂಲಂಗಿ, ಮೆಂತೆ, ಹಕ್ಕರಿಕೆಯ ಹಸಿ ತಪ್ಪಲು ಮುಂದಿಟ್ಟರೆ ಕೊನೆಯ ರೊಟ್ಟಿ ತಾನಾಗಿಯೇ ಬುಟ್ಟಿಯಲ್ಲಿ ಉಳಿಯುತ್ತದೆ. ಈ ತಪ್ಪಲು ತಿನ್ನಲು ಇಲ್ಲಿಯವರಿಗೆ ಯಾರೂ ಕಲಿಸಬೇಕಿಲ್ಲ. ಹೊಸ ಪೀಳಿಗೆಯ ತಟ್ಟೆಯಿಂದ ಅದನ್ನು ಹಪ್ಪಳ ಎಬ್ಬಿಸಿದೆ, ಅಷ್ಟೇ.

ನಡಿಗೆಗೆ ನೆಪ ಹುಡುಕುವುದು ಸುಲಭ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಮೊಬೈಲು ಹೆದರಿಸುತ್ತದೆ. ಆ ಸಂಖ್ಯೆ ಯಾವ ವೈದ್ಯರದ್ದೂ ಅಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು. ಚೆನ್ನೈನಲ್ಲಿ ಎ. ರಾಮಚಂದ್ರನ್ ಅವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೇಳಿದ್ದು ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಸಕ್ಕರೆ ಎಣ್ಣೆ ಕಡಿಮೆ ಮಾಡಿ ಎಂದಷ್ಟೇ. 2006ರ ಹೊತ್ತಿಗೆ ಬಂದ ಫಲ: ಹಾಗೆ ಮಾಡಿದವರಲ್ಲಿ ಕಾಯಿಲೆಯ ಅಪಾಯ ಶೇ. 28.5ರಷ್ಟು ಇಳಿದಿತ್ತು, ಅದೂ ತೂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲದೆ. ಮುಳ್ಳು ಕದಲದವರಿಗೆ ಇದಕ್ಕಿಂತ ಸಮಾಧಾನದ ಮಾತು ಬೇಕೆ?

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಹಳ್ಳಿಹಳ್ಳಿಗಳಿಂದ ನಡೆದೇ ಬರುವವರು ಇಂದಿಗೂ ಇದ್ದಾರೆ. ದಿನಗಟ್ಟಲೆ ನಡಿಗೆ, ಬಾಯ್ತುಂಬ ‘ಉಧೋ ಉಧೋ’. ಯಾವ ಜಿಮ್ಮೂ ಇಷ್ಟು ಬೆವರಿಳಿಸದು. ಆದರೆ ಗುಡ್ಡ ಮುಟ್ಟಿದ ಮೇಲೆ ಒಲೆ ಹೂಡಿ ಹೋಳಿಗೆ, ಕಡಬು, ಭಜಿ, ಪಲ್ಯ ಮಾಡಿ ಪಡ್ಡಲಗಿ ತುಂಬಿಸಬೇಕಲ್ಲ! ತಾಯಿಗೆ ಎಡೆ ಮುಟ್ಟಿದ ಮೇಲೆ ಉಳಿದದ್ದು ಭಕ್ತರ ಪಾಲು. ನಡಿಗೆಯ ಖಾತೆಯಲ್ಲಿ ಜಮೆಯಾದದ್ದು ಪಡ್ಡಲಗಿಯ ಖಾತೆಗೆ ಅಲ್ಲೇ ವರ್ಗಾವಣೆಯಾಗುತ್ತದೆ.

ಇಳಿದದ್ದನ್ನು ಹಾಗೇ ಕಾಯ್ದುಕೊಂಡವರೂ ಇಲ್ಲದಿಲ್ಲ. ಅಮೆರಿಕದಲ್ಲಿ 1994ರಲ್ಲಿ ಇಬ್ಬರು ವಿಜ್ಞಾನಿಗಳು, ಕನಿಷ್ಠ 13 ಕಿಲೊದಷ್ಟು ಇಳಿಸಿ ವರ್ಷಕ್ಕೂ ಮೇಲೆ ಹಾಗೇ ಉಳಿದವರದೊಂದು ಪಟ್ಟಿ ಶುರು ಮಾಡಿದರು. ಈಗ ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅವರಲ್ಲಿ ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆ ತೂಕ ನೋಡುತ್ತಾರೆ, ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಆಡಿಸುತ್ತಾರೆ, ಟಿ.ವಿ. ಮುಂದೆ ಹೆಚ್ಚು ಕೂರುವುದಿಲ್ಲ. ಬೀಗರೂಟದಲ್ಲಿ ಬಡಿಸುವವರನ್ನು ಅವರು ಹೇಗೆ ಎದುರಿಸುತ್ತಾರೆ ಎಂಬುದರ ಬಗ್ಗೆ ಪಟ್ಟಿಯಲ್ಲಿ ಚಕಾರವಿಲ್ಲ. ಅಲ್ಲಿ ಬೀಗರೂಟವೇ ಇಲ್ಲವಲ್ಲ.

ಇಲ್ಲಿ ಪಂಕ್ತಿಯಲ್ಲಿ ಕೂತವರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ತುಪ್ಪ ಕೈ ಮೇಲೇ ಬೀಳುತ್ತದೆ. ನಮ್ಮ ಮಾಸ್ತರರಿಗೆ ಇದು ಗೊತ್ತು. ಒಂದೇ ಹೋಳಿಗೆಯನ್ನು ಚೂರುಚೂರು ಮುರಿಯುತ್ತ, ಎಲೆ ಖಾಲಿ ಕಾಣದಂತೆ ನೋಡಿಕೊಳ್ಳುತ್ತ ಕೂರುತ್ತಾರೆ. ಬುಟ್ಟಿ ಹಿಡಿದ ಬೀಗತಿಯ ಕಣ್ಣು ತಪ್ಪಿಸಲು ಸಾಧ್ಯವೆ?

‘ಯಾಕ್ರೀ ಮಾಸ್ತರ, ಹೋಳಿಗಿ ಹಂಗ ಐತಿ? ಸೇರಲಿಲ್ಲೇನ?’

‘ಅಯ್ಯ, ಹಂಗೇನಿಲ್ರೀ ಅಕ್ಕಾರ. ಹಲ್ಲ ನೂಸಾಕತ್ತೈತಿ.’

ಬೀಗತಿ ಕನಿಕರದಿಂದ ಮುಂದೆ ಹೋಗುತ್ತಾರೆ. ಮಾಸ್ತರರು ಗೆದ್ದೆನೆಂದು ಮಜ್ಜಿಗೆ ಕುಡಿದು ಏಳುತ್ತಾರೆ. ಮರುದಿನ ಬೆಳಿಗ್ಗೆ ಬೀಗರ ಮನೆಯ ಹುಡುಗ ಮೋಟರ್‌ಸೈಕಲ್ ಮೇಲೆ ಬಂದು ಡಬ್ಬಿ ಇಟ್ಟು ಹೋಗುತ್ತಾನೆ. ಹಲ್ಲುನೋವಿನವರಿಗೆ ಅಗಿಯುವ ತ್ರಾಸು ಬೇಡವೆಂದು, ತುಪ್ಪದಲ್ಲಿ ಮುಳುಗಿಸಿ ಮೆತ್ತಗೆ ಮಾಡಿದ ಶಿರಾ. ಜೊತೆಗೊಂದು ಮಾತು: ‘ನಾಳೆನೂ ಕೊಟ್ಟ ಕಳಸ್ತಾರಂತ್ರಿ, ಹಲ್ಲ ಆರಾಮ ಆಗೂ ತನಕ.’